ಐಎನ್‌ಎಸ್ ಮೈಸೂರು: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಗುಂಪಿನಲ್ಲಿ ಹರಿದಾಡುತ್ತಿರುವ ಸಂದೇಶಗಳಲ್ಲಿ ‘ಮೈಸೂರು’ ಹೆಸರಿನ ಎರಡು ಯುದ್ಧನೌಕೆಗಳ ಚರಿತ್ರೆ ಬೆರೆತುಹೋಗಿರುವುದರಿಂದ ಈ ಸ್ಪಷ್ಟನೆ. ಕಾರವಾರದ ಎದುರಿನ ಅಂಜದೀವ್ ದ್ವೀಪವನ್ನು 1961ರಲ್ಲಿ ವಶಪಡಿಸಿಕೊಳ್ಳುವ ಕಾರ್ಯಾಚರಣೆಯಲ್ಲಿ ಭಾಗಿಯಾದದ್ದು, ಬ್ರಿಟನ್ನಿನಿಂದ ಕೊಂಡು 1957ರಲ್ಲಿ ನೌಕಾಪಡೆಗೆ ಸೇರಿಸಿಕೊಂಡಿದ್ದ ಹಳೆಯ ಕ್ರೂಸರ್. ಅದು 1985ರಲ್ಲೇ ನಿವೃತ್ತಿಯಾಯಿತು.

ಈಗಿನ ಮೈಸೂರು, ದೆಹಲಿ ವರ್ಗದ ಮೂರು ಕ್ಷಿಪಣಿ ವಿಧ್ವಂಸಕ ನೌಕೆಗಳಲ್ಲಿ ಎರಡನೆಯದು. ಮುಂಬೈನ ಮಜಗಾಂವ್ ಡಾಕ್‌ನಲ್ಲಿ ನಿರ್ಮಾಣಗೊಂಡು 1993ರಲ್ಲಿ ನೀರಿಗಿಳಿದ, ಸುಮಾರು 163 ಮೀಟರ್ ಉದ್ದದ ಈ ಹಡಗು ಸೇವೆಗೆ ಸೇರಿದ್ದು 1999ರ ಜೂನ್ 2ರಂದು, ಅಂದರೆ ಕಾರ್ಗಿಲ್ ಯುದ್ಧ ನಡೆಯುತ್ತಿದ್ದಾಗಲೇ. ಲಾಂಛನದಲ್ಲಿರುವುದು ನಮ್ಮ ಗಂಡಭೇರುಂಡ. ಧ್ಯೇಯವಾಕ್ಯ ತೈತ್ತಿರೀಯ ಉಪನಿಷತ್ತಿನ ‘ನ ಬಿಭೇತಿ ಕದಾಚನ’, ಎಂದೆಂದಿಗೂ ಅಂಜದು ಎಂದರ್ಥ.

ಈ ಹಡಗಿನ ಸೇವೆಯಲ್ಲಿ ನನಗೆ ಮುಖ್ಯವೆನಿಸುವ ಘಟನೆ 2008ರ ಡಿಸೆಂಬರ್ 13ರದು. ಏಡನ್ ಕೊಲ್ಲಿಯಲ್ಲಿ ಇಥಿಯೋಪಿಯಾದ ಸರಕು ಹಡಗು ‘ಗಿಬೆ’ಯನ್ನು ಬೆನ್ನಟ್ಟಿದ್ದ ಕಡಲ್ಗಳ್ಳರು ಸಹಾಯದ ಕರೆಗೆ ಓಗೊಟ್ಟು ಬಂದ ಮೈಸೂರನ್ನೂ ಅದರ ಹೆಲಿಕಾಪ್ಟರನ್ನೂ ಕಂಡು ಪರಾರಿಯಾಗಲು ಯತ್ನಿಸಿದರೂ, ನೌಕಾ ಕಮಾಂಡೊಗಳು ಅವರ ದೋಣಿಗಳನ್ನೇರಿ ಸೊಮಾಲಿಯಾ ಮತ್ತು ಯೆಮೆನ್ ಮೂಲದ 23 ಮಂದಿಯನ್ನು ಶಸ್ತ್ರಾಸ್ತ್ರಗಳ ಸಮೇತ ಸೆರೆಹಿಡಿದರು. 2011ರಲ್ಲಿ ಲಿಬಿಯಾದಿಂದ ಭಾರತೀಯರನ್ನು ಕರೆತರುವ ಕಾರ್ಯಾಚರಣೆಗೂ ಜಲಾಶ್ವ ನೌಕೆಯೊಂದಿಗೆ ಇದನ್ನು ಕಳುಹಿಸಲಾಗಿತ್ತು.

ಹಳೆಯ ಕ್ರೂಸರಿನ ಚಿತ್ರಕ್ಕೆ ಈ ವಿವರಗಳನ್ನು ಜೋಡಿಸಿರುವ ಸಂದೇಶವನ್ನು ದಯವಿಟ್ಟು ಮುಂದೆ ಕಳುಹಿಸಬೇಡಿ.