ಅಡ್ವಾನ್ಸ್ ಬುಕಿಂಗ್ ನಿಲ್ಲಿಸುತ್ತಿದ್ದೇವೆ, ಯಾಕೆ ಅಂತ ಕೇಳಿ

ಪ್ರೀತಿಯ ಗ್ರಾಹಕರೇ, ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ ಹೊಸ ಗೇಮ್‌ಗಳಿಗೆ ಅಡ್ವಾನ್ಸ್ ತೆಗೆದುಕೊಳ್ಳುವುದಿಲ್ಲ. ಈಗಾಗಲೇ 500 ರೂಪಾಯಿ ಕಟ್ಟಿದವರಿಗೆ ಪೂರ್ತಿ ದುಡ್ಡು ವಾಪಸ್. ರಸೀದಿ ಕಳೆದುಹೋಗಿದ್ದರೂ ಬನ್ನಿ, ನಮ್ಮ ಪುಸ್ತಕದಲ್ಲಿ ಹೆಸರಿದೆ.

ಹೋದ ತಿಂಗಳು ಒಬ್ಬ ಹುಡುಗ ಅಪ್ಪನ ಜೊತೆ ಬಂದ. ಗೇಮ್ ಡಬ್ಬಿ ಕೌಂಟರ್ ಮೇಲಿಟ್ಟು ತಲೆ ತಗ್ಗಿಸಿ ನಿಂತ. ಅಪ್ಪನೇ ಮಾತಾಡಿದರು. "ಏನ್ರೀ ಇದು, ನಾಲ್ಕು ಸಾವಿರ ಕೊಟ್ಟಿದ್ದೀವಿ. ಕತೆಯ ಕೊನೆ ನೋಡ್ಬೇಕಂದ್ರೆ ಇನ್ನೂ ಒಂದೂವರೆ ಸಾವಿರ ಕಟ್ಟು ಅಂತಿದೆ. ಮೊದಲೇ ಹೇಳ್ಬಾರ್ದಿತ್ತಾ?"

ಹೇಳಬೇಕಿತ್ತು. ಆದರೆ ಗೇಮ್ ಬರುವುದಕ್ಕೆ ಎರಡು ತಿಂಗಳು ಮುಂಚೆಯೇ ಅವರಿಂದ ಅಡ್ವಾನ್ಸ್ ತೆಗೆದುಕೊಂಡಿದ್ದೆವು. ಡಬ್ಬಿಯಲ್ಲಿ ಏನಿರುತ್ತದೆ ಅಂತ ನಮಗೇ ಗೊತ್ತಿರಲಿಲ್ಲ. ಆ ದಿನವೇ ಡಿಸ್ಕ್ ವಾಪಸ್ ತೆಗೆದುಕೊಂಡೆವು.

ಈ ನೋವು ಹಳೆಯದು. 2012ರ ಮಾರ್ಚ್‌ನಲ್ಲಿ ಬಯೋವೇರ್ ಕಂಪನಿಯ 'ಮಾಸ್ ಎಫೆಕ್ಟ್ 3' ಬಂತು. 2007ರಲ್ಲಿ ಬಂದ ಮೊದಲ ಭಾಗದಿಂದ ಆಡಿಕೊಂಡು ಬಂದವರ ಎಷ್ಟೋ ತೀರ್ಮಾನಗಳನ್ನು ಆ ಗೇಮ್ ನೆನಪಿಟ್ಟುಕೊಂಡಿತ್ತು. ಕೊನೆಯಲ್ಲಿ ಮಾತ್ರ ಯಾವ ದಾರಿ ಆರಿಸಿದರೂ ಬದಲಾಗಿದ್ದು ಬೆಳಕಿನ ಬಣ್ಣ: ಕೆಂಪು, ಹಸಿರು ಇಲ್ಲವೇ ನೀಲಿ. ಉಳಿದದ್ದೆಲ್ಲ ಹೆಚ್ಚುಕಮ್ಮಿ ಒಂದೇ. ಅದರ ಮೇಲೆ, ಕತೆಗೆ ಮುಖ್ಯ ಅಂತ ಆಟಗಾರರಿಗೆ ಅನಿಸಿದ ಒಂದು ಪಾತ್ರವನ್ನು ಬಿಡುಗಡೆಯ ದಿನವೇ 10 ಡಾಲರ್‌ಗೆ ಬೇರೆಯಾಗಿ ಮಾರಿದರು. ಆಟಗಾರರು ಕಂಪನಿಗೆ 402 ಕಪ್‌ಕೇಕ್ ಕಳಿಸಿದರು. ಮೇಲೆ ಅದೇ ಮೂರು ಬಣ್ಣ, ತಿಂದರೆ ಎಲ್ಲವೂ ವೆನಿಲಾ! ಕೊನೆಯನ್ನು ಬದಲಿಸಿ ಅಂತ ಆಟಗಾರರು ನಡೆಸಿದ ಈ ಚಳವಳಿಯಲ್ಲೇ ಆಸ್ಪತ್ರೆಯ ಮಕ್ಕಳಿಗಾಗಿ 80,000 ಡಾಲರ್‌ಗೂ ಜಾಸ್ತಿ ಕೂಡಿಸಿದರು. ಇಂಥವರನ್ನು ಸುಮ್ನೆ ಕೂಗಾಡುವವರು ಅನ್ನಲು ನಮಗೆ ಮನಸ್ಸು ಬರುವುದಿಲ್ಲ. ಜೂನ್‌ನಲ್ಲಿ ಕಂಪನಿ ಕೊನೆಯ ಭಾಗವನ್ನು ಬೆಳೆಸಿ ಪುಕ್ಕಟೆಯಾಗಿ ಕೊಟ್ಟಿತು.

2017ರಲ್ಲಿ 'ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2' ಬಂದಾಗಲೂ ಹೀಗೇ ಆಯಿತು. ಜನ ಎಷ್ಟು ಸಿಟ್ಟಾದರೆಂದರೆ, ಬಿಡುಗಡೆಯ ಹಿಂದಿನ ದಿನ ಅದನ್ನು ಹೊರತಂದ ಇಎ ಕಂಪನಿ ಗೇಮ್ ಒಳಗಿನ ವ್ಯಾಪಾರವನ್ನೇ, ಅಂದರೆ ಆಡುವಾಗ ಮತ್ತೆ ದುಡ್ಡು ಕೊಟ್ಟು ಕೊಳ್ಳುವುದನ್ನೇ, ಸ್ವಲ್ಪ ಕಾಲ ಬಂದ್ ಮಾಡಬೇಕಾಯಿತು.

ಹಾಗಂತ ಆಡ್-ಆನ್, ಅಂದರೆ ಗೇಮ್‌ಗೆ ಬೇರೆಯಾಗಿ ಸೇರಿಸಿಕೊಳ್ಳುವ ಭಾಗ, ಎಲ್ಲವೂ ಮೋಸವಲ್ಲ. 'ವಿಚರ್ 3' ಗೇಮ್‌ಗೆ 16 ಸಣ್ಣ ಆಡ್-ಆನ್‌ಗಳು ಪುಕ್ಕಟೆ ಬಂದವು. ದುಡ್ಡು ಕೊಟ್ಟು ಕೊಂಡ ದೊಡ್ಡ ಎರಡನ್ನೂ ನಮ್ಮ ಗ್ರಾಹಕರು ಇವತ್ತಿಗೂ ಹೊಗಳುತ್ತಾರೆ. ಮೂಲ ಕತೆ ಡಿಸ್ಕ್‌ನಲ್ಲೇ ಮುಗಿದಿತ್ತು, ಅಲ್ವಾ?

ಇನ್ನು ಮುಂದೆ ಹೊಸ ಗೇಮ್ ಬಂದರೆ ನಮ್ಮ ಹುಡುಗರು ಮೊದಲು ಕೊನೆತನಕ ಆಡುತ್ತಾರೆ. ಆಮೇಲೆ ಡಬ್ಬಿಗೆ ಹಳದಿ ಚೀಟಿ ಅಂಟಿಸುತ್ತೇವೆ: ಕತೆ ಡಿಸ್ಕ್‌ನಲ್ಲೇ ಮುಗಿಯುತ್ತದಾ, ಆಡ್-ಆನ್ ಎಷ್ಟು, ಎಲ್ಲ ಸೇರಿ ಎಷ್ಟು ರೂಪಾಯಿ. ಕತೆ ಏನೆಂದು ಖಂಡಿತ ಬರೆಯುವುದಿಲ್ಲ. ಇದಕ್ಕೆ ಹತ್ತು ದಿನ ಹಿಡಿಯಬಹುದು. ಮೊದಲ ದಿನವೇ ಬೇಕೆನ್ನುವವರಿಗೆ ಚೀಟಿಯಿಲ್ಲದೆ ಕೊಡುತ್ತೇವೆ, ಆದರೆ "ಇದನ್ನು ನಾವಿನ್ನೂ ನೋಡಿಲ್ಲ" ಅಂತ ಹೇಳಿಯೇ ಕೊಡುತ್ತೇವೆ.

ಚೀಟಿಯಲ್ಲಿ ಬರೆದದ್ದು ತಪ್ಪಾಗಿದ್ದರೆ ಏಳು ದಿನದೊಳಗೆ ಡಿಸ್ಕ್ ತನ್ನಿ, ಡಬ್ಬಿ ತೆರೆದಿದ್ದರೂ ಪರವಾಗಿಲ್ಲ. ಡಬ್ಬಿಯೊಳಗೆ ಆಡ್-ಆನ್ ತೆರೆಯಲು ಕೊಟ್ಟ ಕೋಡ್ ಇದ್ದರೆ ಅದನ್ನು ಬಳಸಿರಬಾರದು, ಅಷ್ಟೇ.

ಇಂತಿ,
ನಿಮ್ಮ ಗೇಮ್ ಅಂಗಡಿಯವರು