ಕೌನ್ಸೆಲರ್ ಮೇಡಂ ಇನ್ಮುಂದೆ ವಾರಕ್ಕೆ ಎರಡೇ ದಿನ

ಎಲ್ಲಾ ಪಾಲಕರಿಗೂ ಶರಣು.

ಒಂಬತ್ತು, ಹತ್ತನೇ ತರಗತಿಯವರು ದಯವಿಟ್ಟು ಪೂರ್ತಿ ಓದಿ. ಇಷ್ಟು ದಿನ ದಿನಾಲೂ ಬರುತ್ತಿದ್ದ ಕೌನ್ಸೆಲರ್ ಮೇಡಂ ಮುಂದಿನ ವಾರದಿಂದ ಸೋಮವಾರ, ಗುರುವಾರ ಮಾತ್ರ ಸಿಗುತ್ತಾರೆ, ಬೆಳಿಗ್ಗೆ 10ರಿಂದ 1ರವರೆಗೆ. ಉಳಿದ ದಿನ ಕಲಬುರಗಿಯಲ್ಲೇ ಇನ್ನೆರಡು ಶಾಲೆ ನೋಡಬೇಕಂತೆ. ಜೇವರ್ಗಿ, ಆಳಂದ ಕಡೆಯಿಂದ ಬರುವವರು ಕೇಳಿಕೊಂಡೇ ಬಸ್ ಹತ್ತಿ.

ಮೊದಲು ಬದಲಿ ಪಿರಿಯಡ್, ಹಾಜರಿ ಲೆಕ್ಕ ಎಲ್ಲ ಅವರ ತಲೆಗೇ ಬೀಳುತ್ತಿತ್ತು. ಇನ್ನು ಮಕ್ಕಳ ಜೊತೆ ಮಾತಷ್ಟೇ. ಅದೊಂದು ಒಳ್ಳೇದಾಯ್ತು ಬಿಡಿ. ಪಿಯುಸಿಗೆ ಸೈನ್ಸೋ ಕಾಮರ್ಸೋ ಎಂದು ಕೇಳುವುದಕ್ಕೂ ಅವರನ್ನು ಕಾಣಬಹುದು.

ಭೇಟಿಗೆ ಒಂದು ದಿನ ಮೊದಲೇ ಕ್ಲಾಸ್ ಟೀಚರ್ ಹತ್ತಿರ ಹೆಸರು ಬರೆಸಿ. ಮಗು ತಾನೇ ಬರೆಸಿದರೂ ನಡೆಯುತ್ತದೆ. ಕಾರಣ ಮಾತ್ರ ಈ ಗುಂಪಿನಲ್ಲಿ ಹಾಕಬೇಡಿ. ಹೋದ ತಿಂಗಳು ಒಬ್ಬ ಹುಡುಗನ ವಿಷಯ ಇಲ್ಲಿ ಬಂತು, ಮರುದಿನ ಇಡೀ ಕ್ಲಾಸಿಗೆ ಗೊತ್ತಾಯ್ತು. ಅವನು ಮೂರು ದಿನ ಶಾಲೆಗೇ ಬರಲಿಲ್ಲ.

ಮೇಡಂ ಇಲ್ಲದ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮಗುವಿಗೆ ಯಾರಾದರೂ ಕಿರುಕುಳ ಕೊಡುತ್ತಿದ್ದರೆ ಮಕ್ಕಳ ಸಹಾಯವಾಣಿ 1098. ಎರಡೂ ನಂಬರ್ ಮಕ್ಕಳ ನೋಟ್‌ಬುಕ್ಕಿನಲ್ಲೂ ಬರೆದುಕೊಡಿ. ಎಲ್ಲ ಮಾತೂ ನಮ್ಮ ಹತ್ತಿರವೇ ಹೇಳುವುದಿಲ್ಲ ಅಲ್ವಾ?

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವ ತನಕ ಇನ್ನೊಂದು ದಿನ ಬೇಕು ಎಂದು ಹೆಡ್‌ಮಾಸ್ಟರಿಗೆ ಅರ್ಜಿ ಬರೆದಿದ್ದೇನೆ. ಸಹಿ ಹಾಕುವವರು ಶನಿವಾರ ಸಂಜೆಯೊಳಗೆ ಹೆಸರು, ತರಗತಿ ಕಳಿಸಿ. ಸುಮ್ನೆ ಇಲ್ಲಿ ಹೆಬ್ಬೆರಳಿನ ಇಮೋಜಿ ಒತ್ತಿದರೆ ಲೆಕ್ಕಕ್ಕೆ ಬರುವುದಿಲ್ಲ.