ಸಲಾಲಾದಿಂದ ಅಪ್ಪನಿಗೆ ಕಾಗದ

ತೀರ್ಥರೂಪ ಅಪ್ಪನವರಿಗೆ ಮಗಳು ಸುನಂದಾ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ಶಿವಲೀಲಾಳ ಕೈಯಲ್ಲಿ ಕಳುಹಿಸಿದ ಕಾಗದ, ಶೇಂಗಾ ಹಿಂಡಿ, ಖಡಕ್ ರೊಟ್ಟಿ ಎಲ್ಲ ತಲುಪಿದವು. ರೊಟ್ಟಿ ಒಂದೂ ಮುರಿದಿರಲಿಲ್ಲ, ವೈನಿಗೆ ಹೇಳಿ.

ಮರಳು, ಒಂಟೆ ಬಿಟ್ಟರೆ ಆ ಒಮಾನ್ ದೇಶದಲ್ಲಿ ಏನಿದೆ ಎಂದು ಕೇಳಿದ್ದೀರಿ. ಒಂಟೆ ಇವೆ, ಒಪ್ಪಿದೆ. ನಡುರಸ್ತೆಯಲ್ಲಿ ನಿಂತುಬಿಡುತ್ತವೆ, ಎಂಥ ದೊಡ್ಡ ಕಾರಿನವನೂ ತೆಪ್ಪಗೆ ಕಾಯುತ್ತಾನೆ. ಆದರೆ ಈಗ ಇಲ್ಲಿ ಮಳೆಗಾಲ. ನಮ್ಮಲ್ಲಿಗೆ ಬರುವ ಮುಂಗಾರಿನ ಅಂಚೇ ಈ ಗುಡ್ಡಗಳಿಗೂ ತಾಗುತ್ತದೆ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ತುಂತುರು, ಮಂಜು, ಕಣ್ಣು ಹಾಯಿಸಿದಲ್ಲೆಲ್ಲ ಹಸಿರು. ರಸ್ತೆ ಬದಿಗೆ ಎಳನೀರು, ಬಾಳೆಹಣ್ಣಿನ ಅಂಗಡಿಗಳ ಸಾಲು. ದುಬೈ, ರಿಯಾದ್‌ಗಳಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಕಾರು ಓಡಿಸಿಕೊಂಡು ಬಂದ ಜನ ಚಾಪೆ ಹಾಸಿಕೊಂಡು ತುಂತುರಿನಲ್ಲಿ ನೆನೆಯುತ್ತಾ ಕುಳಿತಿರುತ್ತಾರೆ. ಮೊದಲು ನಗು ಬಂತು. ಆಮೇಲೆ ಮೇ ತಿಂಗಳ ಕಲಬುರಗಿ ನೆನಪಾಗಿ ಸುಮ್ಮನಾದೆ.

ಹೋದ ಶುಕ್ರವಾರ ಜೊತೆಯ ನರ್ಸ್‌ಗಳೆಲ್ಲ ಸೇರಿ ತಾಖಾ ಎಂಬ ಊರಿಗೆ ಹೋಗಿದ್ದೆವು. ಸಲಾಲಾದ ಪೂರ್ವಕ್ಕೆ, ಸಮುದ್ರದ ಮಗ್ಗುಲಲ್ಲೇ ಇರುವ ಸಣ್ಣ ಊರು. ಮೀನು ಹಿಡಿಯುವವರು, ಒಂದು ಪುಟ್ಟ ಕೋಟೆ, ಅಷ್ಟೆ. ಇಲ್ಲಿನವರು ಒಣಗಿಸಿದ ಸಣ್ಣ ಮೀನನ್ನು ಒಂಟೆಗೂ ಆಕಳಿಗೂ ಮೇವಾಗಿ ಹಾಕುತ್ತಾರೆ! ಇದನ್ನು ಅವ್ವನಿಗೆ ಹೇಳಬೇಡಿ, ನಾಳೆಯಿಂದ ಹಾಲು ಮುಟ್ಟಬೇಡ ಎನ್ನುತ್ತಾಳೆ.

ತಾಖಾ ದಾಟಿ ಸ್ವಲ್ಪ ದೂರ ಹೋದರೆ ಖೋರ್ ರೋರಿ. ಅಲ್ಲಿ ನೀವಿರಬೇಕಿತ್ತು. ದಿಬ್ಬದ ಮೇಲೆ ಸುಮ್ಹುರಮ್ ಎಂಬ ಹಳೆಯ ಬಂದರು ಪಟ್ಟಣದ ಗೋಡೆಗಳು, ಕೆಳಗೆ ಹಡಗು ನಿಲ್ಲುತ್ತಿದ್ದ ಹಿನ್ನೀರು. ಅದರ ಬಾಯಿಗೆ ಈಗ ಮರಳು ತುಂಬಿ, ಸಮುದ್ರ ಆಚೆಯೇ ಉಳಿದಿದೆ. ಕ್ರಿಸ್ತಪೂರ್ವ 3ನೇ ಶತಮಾನದಿಂದ ಕ್ರಿಸ್ತಶಕ 5ನೇ ಶತಮಾನದವರೆಗೆ ಜನವಸತಿ ಇದ್ದ ಜಾಗ. ಬಾಗಿಲ ಬಳಿಯ ಕಲ್ಲುಗಳಲ್ಲಿ ಹಳೆಯ ದಕ್ಷಿಣ ಅರೇಬಿಯಾದ ಲಿಪಿ: ನೆಟ್ಟಗಿನ ಗೆರೆ, ಸಣ್ಣ ದುಂಡು, ಮತ್ತೆ ಗೆರೆ. ಮೊನ್ನೆ ಕೆತ್ತಿದಂತಿದೆ. ಗುಡ್ಡದ ಆಚೆ, ಧೂಪಕ್ಕೆ ಹಾಕುವ ಲೋಬಾನದ ಮರಗಳಿವೆ. ತೊಗಟೆ ಕೆತ್ತಿದರೆ ಹಾಲು ಸುರಿದು ಹರಳುಗಟ್ಟುತ್ತದೆ. ಅದನ್ನು ಇಲ್ಲಿ ತುಂಬಿಟ್ಟು ಹಡಗಿಗೆ ಏರಿಸುತ್ತಿದ್ದರು. ಕ್ರಿಸ್ತಶಕ 1ನೇ ಶತಮಾನದ ಒಬ್ಬ ಗ್ರೀಕ್ ನಾವಿಕ ಬರೆದಿಟ್ಟಿದ್ದಾನೆ: ಗುಜರಾತಿನ ಭರೂಚದ ಕಡೆಯಿಂದ ಬಂದ ಹಡಗುಗಳು ಚಳಿಗಾಲಕ್ಕೆ ಇಲ್ಲೇ ತಂಗಿ, ಅರಿವೆ, ಗೋಧಿ, ಎಳ್ಳೆಣ್ಣೆ ಕೊಟ್ಟು ಲೋಬಾನ ಒಯ್ಯುತ್ತಿದ್ದವಂತೆ. ಭರೂಚಕ್ಕೆ ಅರಿವೆ ಕಳುಹಿಸುತ್ತಿದ್ದ ಊರುಗಳಲ್ಲಿ ತಗರವನ್ನೂ ಅವನು ಹೆಸರಿಸಿದ್ದಾನೆ. ನಮ್ಮ ಗಡಿಯಾಚೆ ಮಹಾರಾಷ್ಟ್ರದ ತೇರ್ ಅದು, ನಿಮಗೆ ಹೇಳಬೇಕಿಲ್ಲ.

ತಮಿಳುನಾಡಿನ ಗೆಳತಿಯೊಬ್ಬಳು ಜೊತೆಗಿದ್ದಳು. 2006ರಲ್ಲಿ ಇಲ್ಲಿ ತಮಿಳು ಬ್ರಾಹ್ಮಿ ಎಂಬ ಹಳೆಯ ಲಿಪಿಯಲ್ಲಿ ಹೆಸರು ಬರೆದ ಮಡಕೆಯ ಚೂರು ಸಿಕ್ಕಿದೆ ಎಂದು ಅವಳಿಗೆ ಎಲ್ಲಿಲ್ಲದ ಜಂಬ. ನಾನು ಬಿಡಲಿಲ್ಲ. ಮಡಕೆಯ ಚೂರಿನಲ್ಲಿ ಏನಿದೆ, ನಮ್ಮ ಸನ್ನತಿಯ ಹತ್ತಿರ ಕನಗನಹಳ್ಳಿಯಲ್ಲಿ ಅಶೋಕನ ಮೂರ್ತಿಯನ್ನೇ ಕೆತ್ತಿ, ಹೆಸರು ಬರೆದಿಟ್ಟಿದ್ದಾರೆ ಎಂದೆ. ವಾಪಸು ಬರುವವರೆಗೂ ಜಗಳ.

ಇನ್ನು ಅವ್ವನ ಕಾಲು. ಇದನ್ನೇ ಮೊದಲು ಬರೆಯಬೇಕಿತ್ತು. ಆದರೆ ಕಾಗದ ಅವ್ವನ ಕೈಗೆ ಸಿಕ್ಕರೆ ಮೊದಲ ಪುಟ ಓದಿ ಮಡಚಿಡಲಿ ಎಂದು ಹಿಂದಕ್ಕೆ ಇಟ್ಟೆ.

"ಶ್ರಾವಣ ಸೋಮವಾರ ಶರಣಬಸವೇಶ್ವರ ಗುಡಿಗೆ ಬರಿಗಾಲಲ್ಲಿ ಹೋದಾಗ ಏನೋ ಚುಚ್ಚಿದೆ, ಗಾಯ ಇನ್ನೂ ಹಸಿ ಇದೆ, ಆದರೆ ನೋವೇ ಇಲ್ಲವಂತೆ, ಗಾಬರಿ ಬೇಡ" ಎಂದು ಬರೆದಿದ್ದೀರಿ. ಅಪ್ಪ, ನನಗೆ ಗಾಬರಿಯಾದದ್ದೇ ಆ ನೋವಿಲ್ಲ ಎಂಬ ಮಾತಿಗೆ. ಇಷ್ಟು ವರ್ಷದ ಸಕ್ಕರೆ ಕಾಯಿಲೆಗೆ ಪಾದದ ನರಗಳು ಜೋಮುಗಟ್ಟಿರುತ್ತವೆ. ಕೆಳಗೆ ಕೀವು ತುಂಬಿದರೂ ಮೇಲೆ ಗೊತ್ತಾಗುವುದಿಲ್ಲ. ನಮ್ಮ ವಾರ್ಡಿಗೆ ಒಬ್ಬ ಮುದುಕ ಬಂದಿದ್ದ. ಚಪ್ಪಲಿಯ ಮೊಳೆ ಹಿಮ್ಮಡಿಗೆ ನೆಟ್ಟುಕೊಂಡಿತ್ತು, ಹಾಗೆಯೇ ತಿರುಗಾಡಿದ್ದಾನೆ. ನೆಲದ ಮೇಲಿನ ರಕ್ತ ನೋಡಿದ ಮೊಮ್ಮಗ ಹೇಳಿದ ಮೇಲೆಯೇ ಅವನಿಗೆ ತಿಳಿದದ್ದು. ಡ್ರೆಸ್ಸಿಂಗ್ ಮಾಡುವಾಗ ಅವನು ನನ್ನ ಜೊತೆ ಖರ್ಜೂರದ ರೇಟು ಮಾತನಾಡುತ್ತಿದ್ದ.

ಅರಿಶಿಣ, ಬೂದಿ, ಪಕ್ಕದ ಮನೆಯವರು ಕೊಟ್ಟ ಮುಲಾಮು, ಏನೂ ಹಚ್ಚಕೂಡದು. ಬಿಸಿನೀರಿನಲ್ಲಿ ಕಾಲು ಅದ್ದಿಡುವುದಂತೂ ಬೇಡವೇ ಬೇಡ, ಸುಟ್ಟರೂ ಅವಳಿಗೆ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆಯ ಕಾಲು ನೋಡಿ ಅಭ್ಯಾಸವಿರುವ ಸರ್ಜನ್‌ಗೆ ನಾಳೆಯೇ ತೋರಿಸಿ, ಎಕ್ಸ್‌ರೇ ಬೇಕೇ ಎಂದು ಕೇಳಿ. ಊರಿನ ಕಾಂಪೌಂಡರ್ ಸಾಕು ಎನ್ನುವ ನಿಮ್ಮ ಮಾತು ಈ ಸಲ ನಡೆಯುವುದಿಲ್ಲ. ಗಾಯದ ಸುತ್ತ ಕಪ್ಪಾದರೆ, ವಾಸನೆ ಬಂದರೆ, ಜ್ವರ ಬಂದರೆ ನಾಳೆ ಎಂದೂ ಅನ್ನಬೇಡಿ, ಆ ಗಳಿಗೆಯೇ ಕರೆದುಕೊಂಡು ಹೋಗಿ. ಉಳಿದ ಸೋಮವಾರಗಳಿಗೆ ಮನೆಯಲ್ಲೇ ಕೈಮುಗಿಯಲಿ. ದಾಸೋಹ ಮಾಡಿ ಬದುಕಿದ ಶರಣಪ್ಪ ಅವ್ವನ ಕಾಲು ಕೇಳುತ್ತಾನೆಯೇ? ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಲಿ, ದೇವರ ಕೋಣೆಯ ಹೊರಗೆ ಬಿಟ್ಟರಾಯಿತು. ಅವಳು ಕೇಳದಿದ್ದರೆ ಅಣ್ಣನಿಂದ ಹೇಳಿಸಿ, ಅವನ ಮಾತನ್ನು ತೆಗೆದುಹಾಕುವುದಿಲ್ಲ.

ಹಣದ ಯೋಚನೆ ಮಾಡಬೇಡಿ. ಅಣ್ಣನ ಖಾತೆಗೆ ಹಾಕಿದ್ದೇನೆ, ಅದು ಕಾಲಿಗೆ ಮಾತ್ರ, ಮಾಳಿಗೆ ರಿಪೇರಿಗೆ ಮುಟ್ಟುವಂತಿಲ್ಲ. ನನಗೆ ಇಲ್ಲಿ ಯಾವ ಕೊರತೆಯೂ ಇಲ್ಲ. ಚೆನ್ನಾಗಿ ಉಣ್ಣುತ್ತೇನೆ, ಚೆನ್ನಾಗಿ ನಿದ್ದೆ ಮಾಡುತ್ತೇನೆ, ಮೈಗೂ ಹತ್ತಿದೆ, ಹಾಸ್ಟೆಲಿನಲ್ಲಿ ಎಲ್ಲರೂ ಒಳ್ಳೆಯವರು. ನನ್ನ ಬಗ್ಗೆ ಒಂದಿಷ್ಟೂ ಚಿಂತೆ ಬೇಡ. ಬೇಕಾದರೆ ರಜೆ ಹಾಕಿ ಬರುತ್ತೇನೆ, ಅದಕ್ಕೂ ತೊಂದರೆಯಿಲ್ಲ, ನಿಜವಾಗಿಯೂ ಇಲ್ಲ.

ಶಿವಲೀಲಾ ವಾಪಸು ಬರುವಾಗ ಲೋಬಾನ ಕಳುಹಿಸುತ್ತೇನೆ. ಅರ್ಧ ಮನೆಗೆ, ಅರ್ಧ ಬಂದೇನವಾಜ ದರ್ಗಾಕ್ಕೆ ಹೋಗುವ ಪಕ್ಕದ ಮನೆ ಚಾಚಿಗೆ.

ಡ್ಯೂಟಿ ಬಸ್ ಬಂತು, ಕೆಳಗೆ ಕೂಗುತ್ತಿದ್ದಾರೆ. ವೈನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಡಾಕ್ಟರು ಏನಂದರು ಎಂದು ಅದೇ ದಿನ ರಾತ್ರಿ ಫೋನ್ ಮಾಡಿ. ಅವ್ವ ಮಲಗಿದ ಮೇಲೆ.

ನಿಮ್ಮ ಮಗಳು
ಸುನಂದಾ